ಸಾಸಿವೆ ಬಿತ್ತಿ ಕೆಜಿಎಫ್ ದಿಬ್ಬದಿಂದ ಚಿನ್ನ ತೆಗೆಯಬಹುದಾ?

ಪ್ರಶ್ನೆ: ನಾನು ಬಂಗಾರಪೇಟೆ ಕಡೆಯವನು. ಕೆಜಿಎಫ್‌ನ ಸಯನೈಡ್ ದಿಬ್ಬಗಳಲ್ಲಿ ಇನ್ನೂ ಟನ್ನುಗಟ್ಟಲೆ ಚಿನ್ನ ಇದೆ ಅಂತ ಎಲ್ಲರೂ ಹೇಳ್ತಾರೆ. ಸಾಸಿವೆ ಗಿಡ ಮಣ್ಣಿನಿಂದ ಚಿನ್ನ ಹೀರುತ್ತದೆ, ಗಿಡ ಸುಟ್ಟರೆ ಬೂದಿಯಲ್ಲಿ ಚಿನ್ನ ಸಿಗುತ್ತದೆ ಅಂತ ಒಂದು ವಿಡಿಯೋ ನೋಡಿದೆ. ಇದು ನಿಜವಾ? ದಿಬ್ಬದ ಮೇಲೆ ಇದನ್ನು ಯಾಕೆ ಯಾರೂ ಮಾಡುತ್ತಿಲ್ಲ? ದಿಬ್ಬದ ಧೂಳು ಬಂದು ಬೀಳುವ ಎರಡು ಎಕರೆ ಜಮೀನು ನನಗಿದೆ, ಅಲ್ಲಿ ಪ್ರಯತ್ನಿಸಬಹುದಾ? ನಮ್ಮಲ್ಲಿ ನೀಲಗಿರಿ ತೋಪೂ ಇದೆ, ನೀಲಗಿರಿ ಎಲೆಯಲ್ಲೂ ಚಿನ್ನ ಇರುತ್ತೆ ಅಂತಾರಲ್ಲ?

ಉತ್ತರ: ವಿಡಿಯೋದಲ್ಲಿ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಹೇಳಿ ಬಿಟ್ಟಿದ್ದಾರೆ, ಬಿಟ್ಟ ಅರ್ಧದಲ್ಲೇ ಇಡೀ ವಿಷಯ ಇದೆ. ಸಾಸಿವೆ ಗಿಡದೊಳಗೆ ಚಿನ್ನ ಹೋಗುವ ಹಾಗೆ ಮಾಡಬಹುದು, ನಿಜ. ಆದರೆ ಸಾಸಿವೆ ತಾನಾಗಿ ಚಿನ್ನ ಹೀರುವುದಿಲ್ಲ. ಹಾಗೆ ತಾನಾಗಿ ಲೋಹ ಹೀರಿ ಕೂಡಿಡುವ ಗಿಡಗಳೂ ಇವೆ, ನೂರಾರು ಇವೆ, ಅವು ಹೀರುವುದು ಹೆಚ್ಚಾಗಿ ನಿಕಲ್. ಈ ಎರಡನ್ನೂ ಬೆರೆಸಿ 'ಗಿಡದಿಂದ ಗಣಿಗಾರಿಕೆ' ಅಂತ ಒಂದೇ ಹೆಸರಲ್ಲಿ ಮಾರುತ್ತಾರೆ, ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ಚಿನ್ನದ ಕಥೆ ನೋಡೋಣ. ಗಿಡದ ಬೇರು ಏನನ್ನೇ ಒಳಗೆ ತೆಗೆದುಕೊಳ್ಳಬೇಕಾದರೂ ಅದು ನೀರಿನಲ್ಲಿ ಕರಗಿರಬೇಕು. ಚಿನ್ನ ನೀರಿನಲ್ಲಿ ಕರಗುವುದಿಲ್ಲ. ಕರಗುವ ಹಾಗಿದ್ದಿದ್ದರೆ ಅಜ್ಜಿಯ ಕಾಸಿನ ಸರ ಇಷ್ಟು ವರ್ಷ ಉಳಿಯುತ್ತಲೇ ಇರಲಿಲ್ಲ, ಅಲ್ವಾ? ಹಾಗಾಗಿ ಚಿನ್ನ ಇರುವ ಮಣ್ಣಿನಲ್ಲಿ ಬೆಳೆದ ಮಾಮೂಲಿ ಗಿಡದಲ್ಲಿ ಸಿಗುವ ಚಿನ್ನ ತೀರಾ ಅತ್ಯಲ್ಪ, ಒಂದು ಟನ್ ಒಣ ಸೊಪ್ಪಿಗೆ ಹತ್ತು ಮಿಲಿಗ್ರಾಂ ಸಿಕ್ಕರೆ ದೊಡ್ಡದು. ಇದು ಮೂಗುಬೊಟ್ಟಿಗೂ ಸಾಲದು.

1998ರಲ್ಲಿ ನ್ಯೂಜಿಲೆಂಡಿನ ಮ್ಯಾಸಿ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಆಂಡರ್ಸನ್, ರಾಬರ್ಟ್ ಬ್ರೂಕ್ಸ್ ಮತ್ತು ಜೊತೆಗಾರರು ಈ ಅಡ್ಡಿಯನ್ನು ದಾಟುವ ಒಂದು ಉಪಾಯವನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಅವರು ಆರಿಸಿಕೊಂಡ ಗಿಡ ನಮ್ಮ ದೇಶದ್ದೇ ಸಾಸಿವೆ, ಬ್ರಾಸಿಕಾ ಜುನ್ಸಿಯಾ. ಗಿಡ ಚೆನ್ನಾಗಿ ಬೆಳೆದ ಮೇಲೆ ಮಣ್ಣಿಗೆ ಅಮೋನಿಯಂ ಥಯೋಸಯನೇಟ್ ಹಾಕಿದರು. ಅದು ಮಣ್ಣಿನಲ್ಲಿರುವ ನವಿರಾದ ಚಿನ್ನವನ್ನು ಕರಗಿಸುತ್ತದೆ. ಕರಗಿದ ಚಿನ್ನ ನೀರಿನ ಜೊತೆ ಬೇರಿನೊಳಗೆ ಹೋಗಿ ಕಾಂಡ, ಎಲೆ ಸೇರುತ್ತದೆ, ನೀರು ಆವಿಯಾಗುತ್ತದೆ, ಚಿನ್ನ ಉಳಿಯುತ್ತದೆ. ಒಂದು ಕೆಜಿ ಒಣ ಗಿಡಕ್ಕೆ 57 ಮಿಲಿಗ್ರಾಂವರೆಗೂ ಚಿನ್ನ ಸಿಕ್ಕಿತು. ಗಿಡಕ್ಕೆ ಇದು ಊಟವಲ್ಲ, ವಿಷ. ರಾಸಾಯನಿಕ ಹಾಕಿದ ಕೆಲವೇ ದಿನಗಳಲ್ಲಿ ಗಿಡ ಬಾಡಿ ಸಾಯುತ್ತದೆ, ಅಷ್ಟರೊಳಗೆ ಕೊಯ್ದುಬಿಡಬೇಕು.

ಇದು ಕುಂಡದಲ್ಲಿ ಮಾಡಿದ ಪ್ರಯೋಗ. ಆಮೇಲೆ ಆಂಡರ್ಸನ್ ಮತ್ತು ಜೊತೆಗಾರರು ಬ್ರೆಜಿಲ್‌ನ ಫಜೆಂಡಾ ಬ್ರಾಸಿಲೇರೋ ಎಂಬ ಚಿನ್ನದ ಗಣಿಯಲ್ಲಿ, ಬಯಲಿನಲ್ಲೇ, ಟನ್ನಿಗೆ ಒಂದು ಗ್ರಾಂಗಿಂತ ಕಡಿಮೆ ಚಿನ್ನವಿದ್ದ ಅದಿರಿನ ರಾಶಿಯ ಮೇಲೆ ಸಾಸಿವೆ ಮತ್ತು ಮುಸುಕಿನ ಜೋಳ ಬೆಳೆದು ನೋಡಿದರು. ಸಾಸಿವೆಯೇ ಗೆದ್ದಿತು, ಕೆಜಿಗೆ 39 ಮಿಲಿಗ್ರಾಂ ಆಸುಪಾಸು ಬಂತು. ಆದರೆ ಆ ಫಲಿತಾಂಶಕ್ಕೆ ಹಾಕಿದ್ದು ಏನು ಗೊತ್ತಾ? ಸೋಡಿಯಂ ಸಯನೈಡ್, ಚಿನ್ನವನ್ನು ಕರಗಿಸುವ ಕಡು ವಿಷ. ಕೆಜಿಎಫ್‌ನವರಿಗೆ ಪರಿಚಯ ಮಾಡಿಕೊಡಬೇಕಾದ ಹೆಸರೇನಲ್ಲ ಅದು.

ಈಗ ಕೆಜಿಎಫ್ ಲೆಕ್ಕಕ್ಕೆ ಬರೋಣ. ಇಲ್ಲಿನ ಗಣಿ ನಡೆಸುತ್ತಿದ್ದ ಸರ್ಕಾರಿ ಕಂಪನಿ ಭಾರತ್ ಗೋಲ್ಡ್ ಮೈನ್ಸ್ 2001ರ ಫೆಬ್ರವರಿ 28ಕ್ಕೆ ಬಾಗಿಲು ಹಾಕಿತು. ಒಂದು ಶತಮಾನಕ್ಕೂ ಹೆಚ್ಚು ಕಾಲ ಅಗೆದು, ಅರೆದು, ಚಿನ್ನ ತೆಗೆದು ಉಳಿದ ಪುಡಿಯೇ ಈ ದಿಬ್ಬಗಳು. ಸುಮಾರು 1,003 ಎಕರೆ ಜಾಗದಲ್ಲಿ 13 ದಿಬ್ಬ, ಒಟ್ಟು ಸುಮಾರು 3.3 ಕೋಟಿ ಟನ್ ಪುಡಿ, ಅದರಲ್ಲಿ 23 ಟನ್ ಆಸುಪಾಸು ಚಿನ್ನ ಇರಬಹುದು ಎಂಬ ಅಂದಾಜು ಇದೆ. ಅಂದರೆ ಟನ್ನಿಗೆ 0.7 ಗ್ರಾಂ. ಇವುಗಳನ್ನು ಹರಾಜು ಹಾಕಬೇಕೆಂಬ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಹಾಗಾಗಿ 'ಯಾರೂ ಏನೂ ಮಾಡುತ್ತಿಲ್ಲ' ಅನ್ನುವುದೂ ಪೂರ್ತಿ ಸರಿಯಲ್ಲ. ಗಿಡದಿಂದ ಮಾಡುತ್ತಿಲ್ಲ, ಅಷ್ಟೇ.

ಒಂದು ಎಕರೆ ದಿಬ್ಬ ತೆಗೆದುಕೊಳ್ಳಿ. ಸಾಸಿವೆ ಬೇರಿನ ಹೆಚ್ಚಿನ ಭಾಗ ಮೇಲಿನ 20 ಸೆಂಟಿಮೀಟರಿನಲ್ಲೇ ಇರುತ್ತದೆ ಅಂತ ಇಟ್ಟುಕೊಳ್ಳೋಣ. ಅಷ್ಟು ಪದರದಲ್ಲಿ ಸುಮಾರು 1,200 ಟನ್ ಪುಡಿ, ಅದರಲ್ಲಿ ಸುಮಾರು 850 ಗ್ರಾಂ ಚಿನ್ನ. ಗೊಬ್ಬರ, ನೀರು ಎಲ್ಲಾ ಕೊಟ್ಟು ಎಕರೆಗೆ 2 ಟನ್ ಒಣ ಗಿಡ ಬೆಳೆದಿರಿ, ಕೆಜಿಗೆ 20 ಮಿಲಿಗ್ರಾಂ ಚಿನ್ನ ಸೇರಿತು ಅನ್ನಿ. 40 ಗ್ರಾಂ ಆಯಿತು. ಗ್ರಾಂಗೆ 10,000 ರೂಪಾಯಿ ದಾಟಿರುವ ಈ ಕಾಲದಲ್ಲಿ ಅದು 4 ಲಕ್ಷಕ್ಕೂ ಮೇಲೆ. ಬಾಯಲ್ಲಿ ನೀರು ಬಂತಲ್ವಾ? ವಿಡಿಯೋ ಮಾಡುವವರು ಲೆಕ್ಕ ನಿಲ್ಲಿಸುವುದು ಸರಿಯಾಗಿ ಇಲ್ಲೇ.

ನಾವು ಮುಂದುವರಿಸೋಣ. ಬೇರಿಗೆ ಸಿಗುವ ಪದರದಲ್ಲಿ ಇದ್ದದ್ದು 850 ಗ್ರಾಂ, ಗಿಡ ಎತ್ತಿದ್ದು 40 ಗ್ರಾಂ, ಅಂದರೆ ನೂರಕ್ಕೆ ಐದು ಪಾಲೂ ಇಲ್ಲ. ನೀವು ಹಾಕಿದ ಸಯನೈಡ್ ಅಷ್ಟನ್ನೇ ಅಳೆದು ಕರಗಿಸುವುದಿಲ್ಲ, ಅದಕ್ಕಿಂತ ಎಷ್ಟೋ ಜಾಸ್ತಿ ಕರಗಿಸುತ್ತದೆ. ಚಿನ್ನದ ಜೊತೆ ತಾಮ್ರ, ಸತು ಇತ್ಯಾದಿಗಳನ್ನೂ ಕರಗಿಸುತ್ತದೆ. ಗಿಡ ಕುಡಿಯದೆ ಬಿಟ್ಟದ್ದು ಎಲ್ಲಿಗೆ ಹೋಗುತ್ತದೆ? ಕೆಳಕ್ಕೆ. ಮೊದಲ ಜೋರು ಮಳೆಗೆ ಇನ್ನೂ ಕೆಳಕ್ಕೆ. ಕೆರೆಗೆ, ಬಾವಿಗೆ, ನಿಮ್ಮ ಬೋರ್‌ವೆಲ್ಲಿಗೆ. ಸೀಸದ ವಿಷಯದಲ್ಲಿ ಇದೇ ಆಟ 1990ರ ದಶಕದಲ್ಲೇ ಆಗಿತ್ತು. ಇಡಿಟಿಎ ಎಂಬ ರಾಸಾಯನಿಕ ಹಾಕಿ ಸೀಸವನ್ನು ಗಿಡಕ್ಕೆ ಹತ್ತಿಸುವ ಪ್ರಯೋಗಗಳು ಭಾರೀ ಹೆಸರು ಮಾಡಿದವು, ಆಮೇಲೆ ನೋಡಿದರೆ ಗಿಡಕ್ಕೆ ಹೋದದ್ದಕ್ಕಿಂತ ನೆಲದೊಳಗಿನ ನೀರಿನ ಕಡೆಗೆ ಇಳಿಯುವ ಸೀಸವೇ ತಲೆನೋವಾಯಿತು, ಆ ದಾರಿಯನ್ನು ಬಹುತೇಕರು ಕೈಬಿಟ್ಟರು.

ಇನ್ನೊಂದು ತೊಡಕು ಕೆಜಿಎಫ್‌ಗೇ ಸೇರಿದ್ದು. ಬ್ರೆಜಿಲ್‌ನಲ್ಲಿ ಇದ್ದದ್ದು ಅದಿರಿನ ರಾಶಿ. ನಮ್ಮದು ಅರೆದು ಸಯನೈಡ್ ನೀರಿನಲ್ಲಿ ಒಮ್ಮೆ ತೊಳೆದು ಎಸೆದ ಪುಡಿ. ಸುಲಭವಾಗಿ ಕರಗುವ ಚಿನ್ನವನ್ನು ಗಣಿಯವರು ಆಗಲೇ ತೆಗೆದುಕೊಂಡಾಗಿದೆ. ಉಳಿದದ್ದರಲ್ಲಿ ಒಳ್ಳೆಯ ಪಾಲು ಸ್ಫಟಿಕದ ಕಣದೊಳಗೆ, ಗಂಧಕದ ಖನಿಜಗಳೊಳಗೆ ಸಿಕ್ಕಿಹಾಕಿಕೊಂಡದ್ದು. ಮತ್ತೆ ನುಣ್ಣಗೆ ಅರೆಯದೆ ಅದು ಸಯನೈಡಿಗೂ ಸಿಗುವುದಿಲ್ಲ. ಸಯನೈಡಿಗೆ ಸಿಗದ ಚಿನ್ನ ಸಾಸಿವೆಗೆ ಎಲ್ಲಿ ಸಿಗಬೇಕು? ಹಾಗಾಗಿ ನಾನು ಹಿಡಿದ 20 ಮಿಲಿಗ್ರಾಂ ಅನ್ನುವುದೇ ಕೈ ಬಿಚ್ಚಿ ಕೊಟ್ಟ ಅಂಕಿ.

ಆಳದ ವಿಷಯ ನೋಡಿ. 3.3 ಕೋಟಿ ಟನ್ನನ್ನು 1,003 ಎಕರೆಗೆ ಹಂಚಿದರೆ ಎಕರೆಗೆ ಸರಾಸರಿ 33,000 ಟನ್. ಬೇರಿಗೆ ಎಟಕುವುದು ಅದರಲ್ಲಿ 1,200. ನೂರರಲ್ಲಿ 96 ಪಾಲನ್ನು ಬೇರು ಮುಟ್ಟುವುದೇ ಇಲ್ಲ. ಮೇಲಿನ ಪದರ ಬರಿದಾದ ಮೇಲೆ ಅದನ್ನು ಕೆರೆದು ತೆಗೆದು ಮತ್ತೆ ಬಿತ್ತಬೇಕು. ಅಷ್ಟೆಲ್ಲಾ ಮಣ್ಣು ಎತ್ತುವ ಯಂತ್ರ ತರುವುದಾದರೆ, ಅಷ್ಟೆಲ್ಲಾ ಸಯನೈಡ್ ಸುರಿಯುವುದಾದರೆ, ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ ರಾಶಿಯ ಮೇಲೆ ದ್ರಾವಣ ಹನಿಸಿ ಇಳಿದದ್ದನ್ನು ಹಿಡಿಯುವ ಹೀಪ್ ಲೀಚಿಂಗ್ ಮಾಡಬಹುದು, ಇಲ್ಲಾ ಮತ್ತೆ ಅರೆದು ತೊಟ್ಟಿಯಲ್ಲೇ ಸಯನೈಡ್ ಜೊತೆ ಕಲಸಬಹುದು. ಅದು ಐದು ಪಾಲಲ್ಲ, ಅದರ ಎಷ್ಟೋ ಪಟ್ಟು ಚಿನ್ನ ಕೊಡುತ್ತದೆ, ಸಯನೈಡೂ ಕೈಯಲ್ಲೇ ಇರುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅದಿರಿನಿಂದ ಚಿನ್ನ ತೆಗೆಯುವುದೂ ಸಯನೈಡ್ ತೊಟ್ಟಿಗಳಲ್ಲೇ. ನನ್ನ ವಾದ ಇಷ್ಟೇ: ಚಿನ್ನದ ವಿಷಯದಲ್ಲಿ ಗಣಿ ಕೆಲಸ ಮಾಡುವುದು ರಾಸಾಯನಿಕ, ಗಿಡ ಬರೀ ಪಾತ್ರೆ. ಪಾತ್ರೆ ಬೇಕಾದರೆ ತೂತಿಲ್ಲದ ಪಾತ್ರೆ ಸಿಗುತ್ತದೆ.

ನಿಮ್ಮ ನೀಲಗಿರಿ ಪ್ರಶ್ನೆ. ಅದೂ ನಿಜವಾದ ಸುದ್ದಿಯೇ. 2013ರಲ್ಲಿ ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಸಂಸ್ಥೆಯ ಮೆಲ್ ಲಿಂಟರ್ನ್ ಮತ್ತು ತಂಡ, ಕಾಲ್ಗೂರ್ಲಿ ಸೀಮೆಯ ನೀಲಗಿರಿ ಮರಗಳು 30 ಮೀಟರಿಗೂ ಆಳದ ಚಿನ್ನದ ನಿಕ್ಷೇಪದಿಂದ ಚಿನ್ನದ ಕಣಗಳನ್ನು ಎಲೆವರೆಗೆ ಎತ್ತಿರುವುದನ್ನು ತೋರಿಸಿದರು. ಆದರೆ ಪ್ರಮಾಣ? ಒಂದು ಉಂಗುರಕ್ಕೆ ಸುಮಾರು 500 ಮರ ಬೇಕು ಅಂತ ಅವರೇ ಹೇಳಿದ್ದರು. ಅದರ ಉಪಯೋಗ ಬೇರೆ, ಎಲೆ ಪರೀಕ್ಷೆ ಮಾಡಿ ನೆಲದಡಿ ಚಿನ್ನ ಇರಬಹುದಾ ಅಂತ ಸುಳಿವು ಹಿಡಿಯುವುದು, ಬೋರ್ ಕೊರೆಯುವ ಖರ್ಚು ಉಳಿಸುವುದು. ನೀಲಗಿರಿ ನೆಟ್ಟು ಚಿನ್ನ ತೆಗೆಯುವುದಲ್ಲ. ನಮ್ಮ ಕೋಲಾರ ಸೀಮೆಯಲ್ಲಂತೂ ನೀಲಗಿರಿ ಇರುವ ಅಂತರ್ಜಲ ಕುಡಿದದ್ದು ಸಾಕು, ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿದೆ.

ಹಾಗಾದರೆ ಗಿಡದಿಂದ ಗಣಿಗಾರಿಕೆ ಅನ್ನುವುದೇ ಬೊಗಳೆಯಾ? ಅಲ್ಲ. ಇಲ್ಲಿಂದ ನಿಕಲ್ ಕಥೆ ಶುರು, ನನಗೆ ಇಷ್ಟವಾದ ಭಾಗ ಇದು.

ಕೆಲವು ಕಡೆ ನೆಲದಲ್ಲಿ ಸರ್ಪೆಂಟೈನ್ ಜಾತಿಯ ಕಲ್ಲು ಇರುತ್ತದೆ. ಹಸಿರು ಛಾಯೆ, ಮುಟ್ಟಿದರೆ ಸ್ವಲ್ಪ ಜಾರುವ ಹಾಗೆ. ಅದು ಕರಗಿ ಆದ ಮಣ್ಣಿನಲ್ಲಿ ಮೆಗ್ನೀಸಿಯಂ ಜಾಸ್ತಿ, ಸುಣ್ಣ ಕಡಿಮೆ, ರಂಜಕ ಪೊಟ್ಯಾಷ್ ಕಡಿಮೆ, ಜೊತೆಗೆ ನಿಕಲ್, ಕ್ರೋಮಿಯಂ. ಬೆಳೆ ಸರಿಯಾಗಿ ಬರುವುದಿಲ್ಲ. ಆದರೆ ಲಕ್ಷಾಂತರ ವರ್ಷ ಅದೇ ಮಣ್ಣಿನಲ್ಲಿ ಬದುಕಿದ ಕೆಲವು ಗಿಡಗಳು ನಿಕಲ್ ಅನ್ನು ಬೇಕೆಂದೇ ಎಳೆದುಕೊಂಡು ಎಲೆಯಲ್ಲಿ ತುಂಬಿಸಿಕೊಳ್ಳಲು ಕಲಿತಿವೆ. ಸಿಟ್ರೇಟ್, ಮ್ಯಾಲೇಟ್ ಥರದ ಹುಳಿ ಪದಾರ್ಥಗಳಿಗೆ ನಿಕಲ್ ಅಂಟಿಸಿ, ಎಲೆಯ ಹೊರಪದರದ ಜೀವಕೋಶಗಳ ಒಳಚೀಲದಲ್ಲಿ ಕೂಡಿಹಾಕುತ್ತವೆ. ಅಲ್ಲಿದ್ದರೆ ಗಿಡಕ್ಕೆ ತೊಂದರೆ ಇಲ್ಲ, ಎಲೆ ತಿನ್ನಲು ಬರುವ ಹುಳಕ್ಕೆ ತೊಂದರೆ. ಯಾಕೆ ಹೀಗೆ ಮಾಡುತ್ತವೆ ಅನ್ನುವುದಕ್ಕೆ ಹೆಚ್ಚು ಜನ ಒಪ್ಪುವ ವಿವರಣೆಯೂ ಇದೇ.

ಇದು ಮೊದಲು ಗೊತ್ತಾದದ್ದು 1948ರಲ್ಲಿ, ಇಟಲಿಯ ಟಸ್ಕನಿಯಲ್ಲಿ. ಮಿಂಗುಝಿ ಮತ್ತು ವೆರ್ನ್ಯಾನೋ ಎಂಬ ಇಬ್ಬರು ಅಲಿಸ್ಸಂ ಬೆರ್ಟೋಲೋನಿ ಎಂಬ ಹಳದಿ ಹೂವಿನ ಸಣ್ಣ ಗಿಡದ ಒಣ ಎಲೆಯಲ್ಲಿ ನೂರಕ್ಕೆ ಒಂದು ಪಾಲು ನಿಕಲ್ ಇರುವುದನ್ನು ಕಂಡರು. ಮಾಮೂಲಿ ಗಿಡದಲ್ಲಿ ಇರುವುದು ಕೆಜಿಗೆ ಹತ್ತು ಮಿಲಿಗ್ರಾಂ ಒಳಗೆ, ಇದರಲ್ಲಿ ಹತ್ತು ಸಾವಿರ. 1976ರಲ್ಲಿ ಇನ್ನೂ ದೊಡ್ಡ ಸುದ್ದಿ ಬಂತು. ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ ಒಂದು ಕಾಡುಮರ, ಈಗಿನ ಹೆಸರು ಪಿಕ್ನ್ಯಾಂಡ್ರಾ ಅಕ್ಯುಮಿನೇಟಾ. ತೊಗಟೆ ಗೀರಿದರೆ ನೀಲಿ-ಹಸಿರು ಹಾಲು ಸುರಿಯುತ್ತದೆ, ಆ ಹಾಲು ಒಣಗಿಸಿದರೆ ಕಾಲು ಭಾಗ ನಿಕಲ್! ಮರ ತುಂಬಾ ನಿಧಾನ ಬೆಳೆಯುತ್ತದೆ, ಇರುವುದೂ ಅಲ್ಲಿ ಮಾತ್ರ, ಹಾಗಾಗಿ ಬೆಳೆಯಾಗಿ ಉಪಯೋಗವಿಲ್ಲ. ನೋಡಿ ಬೆರಗಾಗಬಹುದು, ಅಷ್ಟೇ. ಒಣ ಎಲೆಯಲ್ಲಿ ಕೆಜಿಗೆ 1,000 ಮಿಲಿಗ್ರಾಂಗಿಂತ ಜಾಸ್ತಿ ನಿಕಲ್ ಇರುವ ಗಿಡಗಳಿಗೆ ಹೈಪರ್‌ಅಕ್ಯುಮ್ಯುಲೇಟರ್ ಅಂತ ಹೆಸರು. 2017ರ ಹೊತ್ತಿಗೆ ಎಲ್ಲಾ ಲೋಹ ಸೇರಿ ಇಂಥ 721 ಗಿಡಗಳ ಪಟ್ಟಿ ತಯಾರಾಗಿತ್ತು, ಅದರಲ್ಲಿ ಐನೂರಕ್ಕೂ ಹೆಚ್ಚು ನಿಕಲ್‌ನವೇ. ಚಿನ್ನವನ್ನು ಸ್ವಭಾವದಿಂದಲೇ ಹೀಗೆ ಕೂಡಿಡುವ ಗಿಡ ಈ ಸಾಲಿಗೆ ಸೇರಿಯೇ ಇಲ್ಲ.

ಇದನ್ನು ಬೆಳೆಯಾಗಿ ಬೆಳೆದು ಲೋಹ ತೆಗೆಯೋಣ ಅಂದವರಲ್ಲಿ ಮೊದಲಿಗರು ಅಮೆರಿಕದ ಕೃಷಿ ಇಲಾಖೆಯ ರೂಫಸ್ ಚೇನಿ, 1980ರ ದಶಕದಲ್ಲಿ. ಇವತ್ತು ಬಯಲಿನಲ್ಲಿ ಪಳಗಿದ ಜಾಗ ಅಂದರೆ ಅಲ್ಬೇನಿಯಾ. ಅಲ್ಲಿ ಪೊಗ್ರಾಡೆಕ್ ಸುತ್ತಮುತ್ತ ಸರ್ಪೆಂಟೈನ್ ನೆಲ ಬೇಕಾದಷ್ಟಿದೆ, ಆ ನೆಲದಲ್ಲಿ ಒಡೊಂಟರೀನಾ ಅನ್ನುವ ಗಿಡ ಕಳೆಯಾಗಿ ತಾನೇ ಬೆಳೆಯುತ್ತದೆ. ಮೊದಲು ಇದನ್ನು ಅಲಿಸ್ಸಂ ಮ್ಯುರಾಲೆ ಅನ್ನುತ್ತಿದ್ದರು. ಸ್ವಾರಸ್ಯ ಏನೆಂದರೆ ಇದೂ ಸಾಸಿವೆ ಕುಟುಂಬದ್ದೇ. ಅಲ್ಲಿನ ಐದಾ ಬಾನಿ ಮತ್ತು ಫ್ರಾನ್ಸಿನ ಲೊರೇನ್ ವಿಶ್ವವಿದ್ಯಾಲಯದ ಗಿಯೋಮ್ ಎಶೆವಾರಿಯಾ ಮುಂತಾದವರು ಐದು ವರ್ಷ ಹೊಲದಲ್ಲಿ ಪ್ರಯೋಗ ಮಾಡಿದರು. ಏನೂ ಮಾಡದೆ ಬಿಟ್ಟ ಜಾಗದಲ್ಲಿ ಹೆಕ್ಟೇರಿಗೆ 2 ಕೆಜಿಯೂ ನಿಕಲ್ ಸಿಗುತ್ತಿರಲಿಲ್ಲ. ಗೊಬ್ಬರ ಕೊಟ್ಟು, ಬೇರೆ ಕಳೆ ತೆಗೆದು, ಗಿಡ ಒತ್ತಾಗಿ ಬೆಳೆಸಿದಾಗ ಹೆಕ್ಟೇರಿಗೆ 9 ಟನ್ ಒಣ ಗಿಡ, 105 ಕೆಜಿ ನಿಕಲ್ ಬಂತು. ಇಲ್ಲಿ ಬೇಸಾಯ ಗೊತ್ತಿದ್ದವರ ಮಾತು ನಡೆಯುತ್ತದೆ ನೋಡಿ. ಗಿಡದೊಳಗಿನ ನಿಕಲ್ ಪ್ರಮಾಣ ಏರಿಸುವುದಕ್ಕಿಂತ ಎಕರೆಗೆ ಬರುವ ಸೊಪ್ಪಿನ ತೂಕ ಏರಿಸಿದ್ದೇ ಫಲ ಕೊಟ್ಟದ್ದು.

ಮಲೇಷ್ಯಾದ ಸಬಾದಲ್ಲಿ, ಕಿನಬಾಲು ಬೆಟ್ಟದ ಆಸುಪಾಸಿನಲ್ಲಿ ಇನ್ನೊಂದು ಗಿಡ ಸಿಕ್ಕಿತು. ಫಿಲ್ಲಾಂತಸ್ ಕುಲದ್ದು, ಅಂದರೆ ನಮ್ಮ ನೆಲ್ಲಿಕಾಯಿ, ಕಿರುನೆಲ್ಲಿಗಳ ಬಳಗ. ಅದಕ್ಕೆ ಚೇನಿಯ ಹೆಸರನ್ನೇ ಇಟ್ಟು ಫಿಲ್ಲಾಂತಸ್ ರೂಫಸ್‌ಚೇನಿ ಅಂದರು. ಆಂಟನಿ ವ್ಯಾನ್ ಡರ್ ಎಂಟ್ ಮತ್ತು ಜೊತೆಗಾರರು ಅದನ್ನು ಹೊಲದಲ್ಲಿ ಬೆಳೆದು ನೋಡಿದ್ದಾರೆ. ಪೊದೆ ಕತ್ತರಿಸಿದರೆ ಮತ್ತೆ ಚಿಗುರುತ್ತದೆ, ಮತ್ತೆ ಕತ್ತರಿಸಬಹುದು, ವರ್ಷಕ್ಕೆ ಹೆಕ್ಟೇರಿಗೆ 250 ಕೆಜಿವರೆಗೆ ನಿಕಲ್ ಸಿಗಬಹುದೆಂಬುದು ಅವರ ಅಂದಾಜು. ಕಾಡಿನಲ್ಲಿ ಈ ಗಿಡ ಉಳಿದಿರುವುದು ಬೆರಳೆಣಿಕೆ ಜಾಗಗಳಲ್ಲಿ ಮಾತ್ರ. ಎಷ್ಟು ಇಂಥ ಗಿಡಗಳು ಗಣಿ ಅಗೆತದಲ್ಲೇ, ನಮಗೆ ಗೊತ್ತಾಗುವ ಮೊದಲೇ, ಹೋಗಿಬಿಟ್ಟಿವೆಯೋ ಏನೋ.

ಕೊಯ್ದ ಮೇಲೆ ಏನು? ಒಣಗಿಸಿ ಸುಡುತ್ತಾರೆ. ಸುಟ್ಟಾಗ ಇಂಗಾಲ ಹೋಗುತ್ತದೆ, ಬೂದಿಯಲ್ಲಿ ನಿಕಲ್ ಶೇ 10ರಿಂದ 25ರವರೆಗೆ ಉಳಿಯುತ್ತದೆ. ಗಣಿಯಿಂದ ಅಗೆದು ತರುವ ಲ್ಯಾಟರೈಟ್ ಅದಿರಿನಲ್ಲಿ ಇರುವುದು ಒಂದೋ ಎರಡೋ ಪಾಲು, ಅದಕ್ಕೆ ಹೋಲಿಸಿದರೆ ಈ ಬೂದಿ ಭಾರೀ ಶ್ರೀಮಂತ ಅದಿರು. ಬೂದಿಯಲ್ಲಿನ ಪೊಟ್ಯಾಷ್ ತೊಳೆದು ಹೊಲಕ್ಕೆ ಹಾಕಬಹುದು. ಉಳಿದದ್ದನ್ನು ಆಮ್ಲದಲ್ಲಿ ಕರಗಿಸಿ ನಿಕಲ್ ಲವಣ ಮಾಡುತ್ತಾರೆ, ಲೇಪನದ ಕಾರ್ಖಾನೆಗಳಿಗೆ ಅದು ನೇರವಾಗಿ ಬೇಕಾದ ಮಾಲು. ಸುಡುವುದು ಸುಲಭ ಅಂದುಕೊಂಡು ಹೊಲದ ಬದುವಿನಲ್ಲಿ ಬೆಂಕಿ ಹಾಕುವ ಕೆಲಸ ಮಾತ್ರ ಅಲ್ಲ. ಹೊಗೆಯ ಜೊತೆ ಹಾರುವ ನಿಕಲ್ ಬೂದಿ ಕ್ಯಾನ್ಸರ್ ತರಬಲ್ಲದ್ದು, ಧೂಳು ಹಿಡಿಯುವ ವ್ಯವಸ್ಥೆ ಇರುವ ಕುಲುಮೆಯೇ ಬೇಕು.

ದುಡ್ಡಿನ ಲೆಕ್ಕ? ನಿಕಲ್ ಕೆಜಿಗೆ 15 ಡಾಲರ್ ಅಂತ ಹಿಡಿದರೆ ಅಲ್ಬೇನಿಯಾದ 105 ಕೆಜಿಗೆ ಸುಮಾರು 1,575 ಡಾಲರ್. ನಮ್ಮ ದುಡ್ಡಲ್ಲಿ ಹೆಕ್ಟೇರಿಗೆ 1.3 ಲಕ್ಷ, ಎಕರೆಗೆ 50 ಸಾವಿರದ ಮೇಲೆ ಸ್ವಲ್ಪ. ಇದು ಒಟ್ಟು ಮಾಲಿನ ಬೆಲೆ, ರೈತನ ಕೈಗೆ ಬರುವುದಲ್ಲ. ಗೊಬ್ಬರ, ಕೊಯ್ಲು, ಸಾಗಣೆ, ಸುಡುವುದು, ಶುದ್ಧ ಮಾಡುವುದು ಎಲ್ಲಾ ಕಳೆಯಬೇಕು. ಜೊತೆಗೆ ನಿಕಲ್ ಬೆಲೆಯನ್ನು ನಂಬುವಂತಿಲ್ಲ. 2022ರ ಮಾರ್ಚ್‌ನಲ್ಲಿ ಲಂಡನ್ ಲೋಹ ಮಾರುಕಟ್ಟೆಯಲ್ಲಿ ಒಂದು ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ ವ್ಯಾಪಾರವನ್ನೇ ನಿಲ್ಲಿಸಬೇಕಾಯಿತು, ಆಮೇಲೆ ಇಂಡೋನೇಷ್ಯಾದ ಅಗ್ಗದ ಮಾಲು ಬಂದು ಬೆಲೆ ಕುಸಿಯಿತು. ಬೇರೆ ಏನೂ ಬೆಳೆಯದ ನೆಲಕ್ಕೆ ಇದು ಲಾಭ ಆಗಬಹುದು. ರಾಗಿ, ಟೊಮೆಟೊ, ಹಿಪ್ಪುನೇರಳೆ ಬೆಳೆಯುವ ನೆಲವನ್ನು ಇದಕ್ಕೆ ಬಿಡುವುದು ನನ್ನ ಪ್ರಕಾರ ದಡ್ಡತನ.

ಒಂದು ಎಚ್ಚರಿಕೆಯ ಕಥೆಯೂ ಇದೆ. ಇದೇ ಅಲಿಸ್ಸಂ ಅನ್ನು ಅಮೆರಿಕದ ಓರೆಗಾನ್ ರಾಜ್ಯದ ಇಲಿನಾಯ್ ಕಣಿವೆಯಲ್ಲಿ ಒಂದು ಕಂಪನಿ ನಿಕಲ್‌ಗಾಗಿ ಬೆಳೆಯಿತು. ಸಮಯಕ್ಕೆ ಸರಿಯಾಗಿ ಕೊಯ್ಯದೆ ಬೀಜ ಹಾರಿ ಸುತ್ತಲಿನ ಸರ್ಪೆಂಟೈನ್ ಗುಡ್ಡಗಳಿಗೆಲ್ಲಾ ಹಬ್ಬಿತು. ಅಲ್ಲಿನ ಅಪರೂಪದ ಗಿಡಗಳಿಗೆ ಅದೇ ಕಂಟಕ. ಕೊನೆಗೆ ರಾಜ್ಯ ಸರ್ಕಾರ ಅದನ್ನು ಹಾನಿಕರ ಕಳೆ ಅಂತ ಘೋಷಿಸಿ ಕಿತ್ತುಹಾಕುವ ಕೆಲಸಕ್ಕೆ ಇಳಿಯಿತು. ಪಾರ್ಥೇನಿಯಂ, ಲಂಟಾನ ನೋಡಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಯವಿಟ್ಟು ಆನ್‌ಲೈನ್‌ನಲ್ಲಿ ಬೀಜ ತರಿಸಿ ಬಿತ್ತಬೇಡಿ.

ನಮ್ಮ ರಾಜ್ಯದಲ್ಲಿ ಇದಕ್ಕೆ ಜಾಗ ಇದೆಯಾ ಅಂತ ಕೇಳಿದರೆ ನಾನು ಕೈ ತೋರಿಸುವುದು ಕೋಲಾರದ ಕಡೆಗಲ್ಲ, ಹಾಸನದ ಕಡೆಗೆ. ಚನ್ನರಾಯಪಟ್ಟಣ ತಾಲೂಕಿನ ನುಗ್ಗೇಹಳ್ಳಿ ಸೀಮೆಯಲ್ಲಿ ಸರ್ಪೆಂಟೈನ್ ಕಲ್ಲಿನ ಪಟ್ಟಿ ಇದೆ, ಬೈರಾಪುರದ ಕ್ರೋಮೈಟ್ (ಕ್ರೋಮಿಯಂ ಅದಿರು) ಗಣಿ ಇರುವುದು ಅದರಲ್ಲೇ. ಒಡಿಶಾದ ಸುಕಿಂದಾದಲ್ಲಂತೂ ಕ್ರೋಮೈಟ್ ಗಣಿಯ ಮೇಲುಮಣ್ಣಿನ ರಾಶಿಗಳಲ್ಲೇ ನಿಕಲ್ ಇದೆ. ದೇಶಕ್ಕೆ ಬೇಕಾದ ನಿಕಲ್ ಹೆಚ್ಚುಕಡಿಮೆ ಎಲ್ಲಾ ಹೊರಗಿನಿಂದ ಬರುತ್ತಿರುವಾಗ ಈ ರಾಶಿಗಳ ಮೇಲೆ ಏನು ತಾನಾಗಿ ಬೆಳೆಯುತ್ತಿದೆ ಅಂತ ನೋಡುವುದು ಕಷ್ಟದ ಕೆಲಸವಲ್ಲ. ಡೈಮಿಥೈಲ್‌ಗ್ಲೈಆಕ್ಸಿಮ್ ಎಂಬ ರಾಸಾಯನಿಕ ಹಚ್ಚಿ ಒಣಗಿಸಿದ ಬಿಳಿ ಕಾಗದದ ಮೇಲೆ ಹಸಿ ಎಲೆ ಇಟ್ಟು ಜಜ್ಜಿದರೆ ಸಾಕು. ನಿಕಲ್ ಜಾಸ್ತಿ ಇದ್ದರೆ ಕಾಗದ ಗುಲಾಬಿ-ಕೆಂಪಾಗುತ್ತದೆ. ಎಂಎಸ್ಸಿ ಓದುವ ಹುಡುಗರು ಒಂದು ಬೇಸಿಗೆ ರಜೆಯಲ್ಲಿ ಆ ಪಟ್ಟಿಯ ಗಿಡಗಳನ್ನೆಲ್ಲಾ ಜಜ್ಜಿ ನೋಡಬಹುದು. ರಿನೋರಿಯಾ ಬೆಂಗಾಲೆನ್ಸಿಸ್ ಅನ್ನುವ ಮರ ಆಗ್ನೇಯ ಏಷ್ಯಾದಲ್ಲಿ ನಿಕಲ್ ನೆಲದ ಮೇಲಿದ್ದರೆ ಭರ್ತಿ ನಿಕಲ್ ತುಂಬಿಕೊಳ್ಳುತ್ತದೆ, ಅದೇ ಮರ ನಮ್ಮ ಪಶ್ಚಿಮ ಘಟ್ಟದಲ್ಲೂ ಇದೆ. ಇಲ್ಲಿ ನೆಲದಲ್ಲೇ ನಿಕಲ್ ಇಲ್ಲದ ಕಡೆ ಅದು ಏನನ್ನು ತುಂಬಿಕೊಳ್ಳಬೇಕು? ಗಿಡ ಮತ್ತು ನೆಲ ಎರಡೂ ಕೂಡಿ ಬರಬೇಕು.

ಬಳ್ಳಾರಿ, ಸಂಡೂರಿನ ಕಬ್ಬಿಣದ ಗಣಿ ತ್ಯಾಜ್ಯಕ್ಕೂ ಇದು ಆಗುತ್ತದಾ ಅಂತ ಆಗಾಗ ಕೇಳುತ್ತಾರೆ. ಆಗುವುದಿಲ್ಲ. ಕಬ್ಬಿಣ ಅಷ್ಟು ಅಗ್ಗ, ಗಿಡದಲ್ಲಿ ಸೇರುವುದು ಅಷ್ಟು ಕಡಿಮೆ.

ಈಗ ಮತ್ತೆ ನಿಮ್ಮ ದಿಬ್ಬಕ್ಕೆ. ದಿಬ್ಬದ ಮೇಲೆ ಗಿಡ ಬೇಡ ಅಂತ ನಾನು ಹೇಳುತ್ತಿಲ್ಲ, ಬೇಕೇ ಬೇಕು. ಲೋಹ ಎತ್ತುವುದಕ್ಕಲ್ಲ, ಲೋಹವನ್ನು ಅಲ್ಲೇ ಹಿಡಿದು ಕೂರಿಸುವುದಕ್ಕೆ. ಗಾಳಿ ಕಾಲದಲ್ಲಿ ಆ ಬಿಳಿ ಪುಡಿ ಎದ್ದು ಮನೆಯೊಳಗೆಲ್ಲಾ ಹರಡುವುದು ಕೆಜಿಎಫ್‌ನವರಿಗೆ ಗೊತ್ತು, ಅದರಲ್ಲಿರುವ ಸಿಲಿಕಾ ಶ್ವಾಸಕೋಶಕ್ಕೆ ಏನು ಮಾಡುತ್ತದೆ ಅಂತ ಗಣಿಯಲ್ಲಿ ದುಡಿದ ಮನೆಗಳಿಗೆ ಇನ್ನೂ ಚೆನ್ನಾಗಿ ಗೊತ್ತು. ಈ ಕೆಲಸಕ್ಕೆ ಲೋಹ ಹೀರುವ ಗಿಡ ತಪ್ಪು ಆಯ್ಕೆ, ಎಲೆ ಉದುರಿ ವಿಷ ಮೇಲೆ ಬರುತ್ತದೆ, ದನ-ಮೇಕೆ ಮೇಯುತ್ತವೆ. ಲೋಹವನ್ನು ಬೇರಿನಲ್ಲೇ ನಿಲ್ಲಿಸಿ ಎಲೆಗೆ ಬಿಡದ ಗಿಡ ಬೇಕು. ಲಾವಂಚ ಅಂಥದ್ದು. ಚೀನಾ, ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾದ ಗಣಿ ದಿಬ್ಬಗಳಲ್ಲಿ ಅದನ್ನು ನೆಟ್ಟಿದ್ದಾರೆ, ಬೇರು ನೇರ ಆಳಕ್ಕೆ ಇಳಿದು ಇಳಿಜಾರನ್ನು ಹಿಡಿಯುತ್ತದೆ. ಬರೀ ಪುಡಿಯಲ್ಲಿ ನೆಟ್ಟರೆ ಹಿಡಿಯುವುದು ಕಷ್ಟ, ಗುಂಡಿಗೆ ಕೆರೆ ಮಣ್ಣು, ಕೊಟ್ಟಿಗೆ ಗೊಬ್ಬರ ಹಾಕಿ ಮಳೆಗಾಲದ ಆರಂಭದಲ್ಲಿ ಸಾಲಾಗಿ ನೆಡಬೇಕು. ಒಂದೇ ಒಂದು ನಿಯಮ: ಅಲ್ಲಿನ ಲಾವಂಚದ ಬೇರನ್ನು ಕಿತ್ತು ಮಾರಬಾರದು. ಲೋಹ ಕೂತಿರುವುದೇ ಬೇರಿನಲ್ಲಿ.

ನಿಮ್ಮ ಎರಡು ಎಕರೆಯ ವಿಷಯಕ್ಕೆ ಬಂದರೆ, ಅಲ್ಲಿ ಚಿನ್ನಕ್ಕಾಗಿ ಸಾಸಿವೆ ಬಿತ್ತುವ ಯೋಚನೆ ಬಿಡಿ. ಗಾಳಿಗೆ ಬಂದು ಬಿದ್ದ ಧೂಳಿನಲ್ಲಿ ಇರುವ ಚಿನ್ನ ಲೆಕ್ಕಕ್ಕೆ ಬರುವಷ್ಟಿಲ್ಲ, ಸಯನೈಡನ್ನು ಬಯಲಲ್ಲಿ ಸುರಿಯಲು ಯಾರೂ ಅನುಮತಿ ಕೊಡುವುದಿಲ್ಲ, ಕೊಡಲೂ ಬಾರದು. ದಿಬ್ಬದಿಂದ ಮಣ್ಣು ತಂದು ಮಾಡೋಣ ಅಂದರೆ ಅದು ಗಣಿ ಕಂಪನಿಯ ಸ್ವತ್ತು, ಕೇಸು ಬೀಳುತ್ತದೆ. ಅದರ ಬದಲು ಆರ್ಸೆನಿಕ್ ಎಂಬ ವಿಷ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಚಿನ್ನದ ಅದಿರಿನ ಜೊತೆ ಆರ್ಸೆನಿಕ್ ಖನಿಜ ಇರುವುದು ಸಾಮಾನ್ಯ, ಎಷ್ಟು ಬಂದಿದೆ ಅನ್ನುವುದು ಅಳೆಯದೆ ಗೊತ್ತಾಗುವುದಿಲ್ಲ. ಮಾಮೂಲಿ ಮಣ್ಣು ಪರೀಕ್ಷೆಯಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಥರದ ಪೋಷಕಾಂಶ ನೋಡುತ್ತಾರೆ, ಆರ್ಸೆನಿಕ್ ಬರುವುದಿಲ್ಲ. ಹಾಗಾಗಿ ಮಾನ್ಯತೆ ಇರುವ ಲ್ಯಾಬ್‌ಗೆ ಕೊಟ್ಟು 'ಆರ್ಸೆನಿಕ್, ಸೀಸ, ಕ್ಯಾಡ್ಮಿಯಂ' ಅಂತ ಬರೆಸಿ ಕೇಳಿ. ಮೂರು ಮಾದರಿ ಕೊಡಿ: ಹೊಲದ ಮೇಲ್ಮಣ್ಣು, ಬೋರ್‌ವೆಲ್ ನೀರು, ನೀವು ತಿನ್ನುವ ಸೊಪ್ಪು. ಸೊಪ್ಪನ್ನು ಎರಡು ಭಾಗ ಮಾಡಿ, ಒಂದನ್ನು ಹಾಗೇ ಕೊಡಿ, ಇನ್ನೊಂದನ್ನು ಮೂರು ನಾಲ್ಕು ನೀರಿನಲ್ಲಿ ಚೆನ್ನಾಗಿ ತೊಳೆದು ಕೊಡಿ. ತೊಳೆಯದ್ದರಲ್ಲಿ ಮಾತ್ರ ಜಾಸ್ತಿ ಬಂದರೆ ಅದು ಮೇಲೆ ಕೂತ ಧೂಳು, ತೊಳೆದು ತಿನ್ನಿ, ದಿಬ್ಬದ ಕಡೆ ಎತ್ತರದ ಬೇಲಿ ಸಾಲು ಬೆಳೆಸಿ. ತೊಳೆದದ್ದರಲ್ಲೂ ಜಾಸ್ತಿ ಬಂದರೆ ಬೇರಿನಿಂದ ಬರುತ್ತಿದೆ ಅಂತ ಅರ್ಥ, ಆಗ ಆ ಜಮೀನಿನಲ್ಲಿ ಸೊಪ್ಪು ತರಕಾರಿ ನಿಲ್ಲಿಸಿ ಹೂವಿಗೋ ಮರಮುಟ್ಟಿಗೋ ಹೋಗುವುದು ಒಳ್ಳೆಯದು. ವರದಿ ಬಂದ ಮೇಲೆ ಅಂಕಿಗಳನ್ನು ಕಳಿಸಿ, ಯಾವ ಬೆಳೆ ಇಡಬಹುದು, ಯಾವುದು ಬೇಡ ಅಂತ ಆಗ ಮಾತಾಡೋಣ.